ಮುಲ್ಡರ್ ಎಂದರೆ ಗಿರಣಿಯವರು

ಮಗಳ ಮದುವೆ ಗೊತ್ತಾಗಿದೆ, ಹುಡುಗ ನೆದರ್ಲೆಂಡ್ಸ್ ದೇಶದವನು ಎಂದು ಹೇಳಿದಾಗ ಬೆಟಗೇರಿಯ ನಮ್ಮ ಓಣಿಯಲ್ಲಿ ಅವನ ಕೆಲಸ, ಸಂಬಳ ಯಾವುದನ್ನೂ ಯಾರೂ ವಿಚಾರಿಸಲಿಲ್ಲ. ‘ಅಡ್ಡಹೆಸರೇನು?’ ಎಂದರು. ‘ಮುಲ್ಡರ್’ ಎಂದೆ. ಎದುರುಮನೆಯ ಕಾಕಾ ಕಣ್ಣು ಮುಚ್ಚಿ ನಾಲ್ಕಾರು ತಾಲ್ಲೂಕುಗಳನ್ನು ಮನಸ್ಸಿನಲ್ಲೇ ಸುತ್ತಿ ಬಂದು, ‘ನಮ್ಮ ಪೈಕಿ ಅಲ್ಲ ಬಿಡು’ ಎಂದು ತೀರ್ಪು ಕೊಟ್ಟರು.

ಆ ಹೆಸರಿನ ಅರ್ಥ ನನಗೆ ಗೊತ್ತಾದದ್ದು ಬೀಗರು ಗದಗಕ್ಕೆ ಬಂದಾಗ. ಊಟವಾದ ಮೇಲೆ ಬೀಗಿತ್ತಿಯವರು ಬಲಗೈ ಮುಷ್ಟಿ ಕಟ್ಟಿ, ಬೀಸುಕಲ್ಲಿನ ಗೂಟ ಹಿಡಿದವರಂತೆ ಗಾಳಿಯಲ್ಲಿ ಎರಡು ಸುತ್ತು ತಿರುಗಿಸಿ ತೋರಿಸಿದರು. ಮುಲ್ಡರ್ ಎಂದರೆ ಹಿಟ್ಟು ಬೀಸಿಕೊಡುವವನು. ನನ್ನ ಹೆಂಡತಿ ನನ್ನನ್ನು ನೋಡಿದಳು, ನಾನು ಗೋಡೆಯ ಮೇಲಿದ್ದ ಅಪ್ಪನ ಫೋಟೋ ನೋಡಿದೆ. ಇಬ್ಬರಿಗೂ ನಗು ತಡೆಯಲಿಲ್ಲ. ಅಪ್ಪ ಮೂವತ್ತೆಂಟು ವರ್ಷ ಇದೇ ಓಣಿಯಲ್ಲಿ ಹಿಟ್ಟಿನ ಗಿರಣಿ ನಡೆಸಿದವರು. ಕಾಗದಪತ್ರಗಳಲ್ಲಿ ನಮ್ಮ ಅಡ್ಡಹೆಸರು ಮುಳಗುಂದ. ಬಾಯಿಮಾತಿನಲ್ಲಿ ಮಾತ್ರ ನಾವು ಎಂದೂ ಮುಳಗುಂದದವರಾಗಲೇ ಇಲ್ಲ. ಗಿರಣಿಯವರು, ಗಿರಣಿಯವರ ಹುಡುಗ, ಗಿರಣಿಯವರ ಸೊಸೆ.

ನಿವೃತ್ತಿಯಾದವನಿಗೆ ಇಷ್ಟು ಸಾಕು. ಅಳಿಯನ ವಂಶವೃಕ್ಷ ಬರೆಯುತ್ತೇನೆ ಎಂದು ಹಟ ಹಿಡಿದು ಕುಳಿತೆ. ಒಂದು ಬೇರು, ಒಂದು ಕಾಂಡ, ಅದರಿಂದ ಹೊರಟ ಕೊಂಬೆಗಳು ಎಂದು ಡ್ರಾಯಿಂಗ್ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಗೆರೆಯನ್ನೂ ಎಳೆದಿಟ್ಟಿದ್ದೆ. ಒಂದೇ ವಾರದಲ್ಲಿ ಆ ಕಾಂಡವನ್ನು ರಬ್ಬರಿನಿಂದ ಅಳಿಸಬೇಕಾಯಿತು.

ಮುಲ್ಡರ್ ಎಂಬ ಮೂಲಪುರುಷ ಯಾರೂ ಇಲ್ಲ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಆ ಪುಟ್ಟ ದೇಶದಲ್ಲಿ ಸುಮಾರು 10,000 ಗಾಳಿಗಿರಣಿ, ನೀರುಗಿರಣಿಗಳು ತಿರುಗುತ್ತಿದ್ದವು. ಅವುಗಳಲ್ಲಿ ಎಷ್ಟೋ ಹೊಲದ ನೀರೆತ್ತಿ ಕಾಲುವೆಗೆ ಚೆಲ್ಲುತ್ತಿದ್ದವು. ಕೆಲವು ಮರ ಕೊಯ್ಯುತ್ತಿದ್ದವು, ಎಣ್ಣೆ ತೆಗೆಯುತ್ತಿದ್ದವು. ಉಳಿದವು ಕಾಳು ಬೀಸುತ್ತಿದ್ದವು. ಊರೂರಿಗೂ ಗಿರಣಿ, ಗಿರಣಿಗೊಬ್ಬ ಮಾಲೀಕ, ಅವನನ್ನು ಜನ ಕರೆದದ್ದು ಕೆಲಸದ ಹೆಸರಿನಿಂದ. ಹಾಗಾಗಿ ಈ ಮುಲ್ಡರನಿಗೂ ಹತ್ತು ಹರದಾರಿ ಆಚೆಯ ಮುಲ್ಡರನಿಗೂ ರಕ್ತಸಂಬಂಧ ಇರಲೇಬೇಕೆಂದಿಲ್ಲ. ನವಲಗುಂದದ ಬಡಿಗೇರರಿಗೂ ರಾಣೆಬೆನ್ನೂರಿನ ಬಡಿಗೇರರಿಗೂ ನಂಟು ಹುಡುಕಿದ ಹಾಗೆ. ಇದನ್ನು ನಾನು ಮೊದಲೇ ಊಹಿಸಬೇಕಿತ್ತು. ಅಡ್ಡಹೆಸರು ನೋಡಿ ಜಾತಕ ಹೇಳುವ ಸೀಮೆಯಲ್ಲಿ ಹುಟ್ಟಿ ಬೆಳೆದವನು.

ಆದರೂ ಕೊಂಬೆಗಳಿವೆ. ಅವು ಒಡೆದಿರುವುದು ನುಡಿಯಲ್ಲಿ. ಇವತ್ತಿನ ಡಚ್ ಪುಸ್ತಕದ ಭಾಷೆಯಲ್ಲಿ ಗಿರಣಿಗೆ ಮೋಲೆನ್, ಅದನ್ನು ನಡೆಸುವವನಿಗೆ ಮೋಲೆನಾರ್. ಮುಲ್ಡರ್ ಎನ್ನುವುದು ಈಶಾನ್ಯದ ಆಡುನುಡಿ. ಗ್ರೋನಿಂಗನ್, ಡ್ರೆಂಥೆ ಪ್ರಾಂತ್ಯಗಳಲ್ಲಿ ಅದು ದಟ್ಟವಾಗಿದೆ. ಪಶ್ಚಿಮದ ಕಡಲ ಕಡೆಗೆ ಹೋದರೆ ಅದೇ ಕೆಲಸದವರು ಮೋಲೆನಾರ್ ಆಗುತ್ತಾರೆ. ದಕ್ಷಿಣದ ಬ್ರಬಾಂಟಿನಲ್ಲಿ ಸ್ಮುಲ್ಡರ್ಸ್ ಎಂಬ ಹೆಸರಿದೆ. ಆ ಮುಂದಿನ ‘ಸ್’ ಎಲ್ಲಿಂದ ಬಂತು ಎಂದು ತಲೆ ಕೆಡಿಸಿಕೊಂಡಿದ್ದೆ. ‘ಮುಲ್ಡರನ’ ಎಂಬ ಷಷ್ಠಿ ವಿಭಕ್ತಿಯ ಹಳೆಯ ರೂಪ ‘ದೆಸ್ ಮುಲ್ಡರ್ಸ್’; ಅದರ ‘ದೆ’ ಸವೆದು ‘ಸ್’ ಮುಂದಿನ ಪದಕ್ಕೆ ಅಂಟಿಕೊಂಡಿತು. ಗಿರಣಿಯವನ ಮಗ ಎಂದಷ್ಟೇ ಅರ್ಥ. ಇನ್ನು ಗಿರಣಿಯ ಪಕ್ಕದಲ್ಲಿ ಮನೆ ಮಾಡಿದವರು ಬೇರೆಯೇ ಸಾಲು: ಫ್ರೀಸ್‌ಲೆಂಡಿನಲ್ಲಿ ವಾನ್ ಡೆರ್ ಮ್ಯೂಲೆನ್, ದಕ್ಷಿಣದಲ್ಲಿ ಮತ್ತು ಬೆಲ್ಜಿಯಂನ ಡಚ್ ಸೀಮೆಯಲ್ಲಿ ಅದೇ ಬೆಸೆದುಕೊಂಡು ವರ್ಮ್ಯೂಲೆನ್. ಇವರು ಹಿಟ್ಟು ಬೀಸಿದವರೇ ಆಗಬೇಕಿಲ್ಲ. ನಮ್ಮಲ್ಲಿ ಬಾವಿಕಟ್ಟಿಯವರು ಬಾವಿ ತೋಡಿದವರೇ ಎಂದು ಯಾರಾದರೂ ಕೇಳುತ್ತಾರೆಯೇ?

ಅಕಾರಾದಿಯ ಜಗಳವೂ ಒಂದಿದೆ. ವಾನ್ ಡೆರ್ ಮ್ಯೂಲೆನ್ ಎಂಬವರನ್ನು ಪಟ್ಟಿಯಲ್ಲಿ ಹುಡುಕುವಾಗ ನೆದರ್ಲೆಂಡ್ಸಿನಲ್ಲಿ ಎಂ ಅಕ್ಷರಕ್ಕೆ ಹೋಗಬೇಕು, ಗಡಿ ದಾಟಿ ಬೆಲ್ಜಿಯಂಗೆ ಬಂದರೆ ವಿ ಅಕ್ಷರಕ್ಕೆ. ಇದನ್ನು ಓದಿದಾಗ ನನಗೆ ಬಹಳ ಸಮಾಧಾನವಾಯಿತು. ನನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಮೂರನ್ನೂ ಕೊಟ್ಟ ಮೇಲೂ ಒಂದು ಕಚೇರಿಯಲ್ಲಿ ನನ್ನ ಕಡತವನ್ನು ಅಪ್ಪನ ಹೆಸರಿನ ಅಕ್ಷರದಡಿ ಇಟ್ಟು, ಎಂಟು ತಿಂಗಳು ‘ಸಿಗುತ್ತಿಲ್ಲ’ ಎಂದಿದ್ದರು.

ಅಳಿಯ ಒಂದು ಕಥೆ ಹೇಳಿದ. 1810ರಲ್ಲಿ ನೆಪೋಲಿಯನ್ ಅವರ ದೇಶವನ್ನು ಫ್ರಾನ್ಸಿಗೆ ಸೇರಿಸಿಕೊಂಡ. 1811ರ ಆಗಸ್ಟಿನಲ್ಲಿ, ಅಡ್ಡಹೆಸರಿಲ್ಲದವರೆಲ್ಲ ಒಂದನ್ನು ಆರಿಸಿಕೊಂಡು ದಾಖಲೆ ಮಾಡಿಸಬೇಕು ಎಂದು ಹುಕುಂ ಹೊರಟಿತು. ಫ್ರೆಂಚರು ಇಂದಲ್ಲ ನಾಳೆ ಹೋಗುವವರು ಎಂದು ಜನ ಕುಚೋದ್ಯಕ್ಕೆ ನಾಕ್ಟ್‌ಗೆಬೋರೆನ್, ಅಂದರೆ ‘ಬತ್ತಲೆ ಹುಟ್ಟಿದವನು’ ಎಂಬಂಥ ಹೆಸರುಗಳನ್ನು ಬರೆಸಿದರಂತೆ. ಕಥೆ ಚೆನ್ನಾಗಿದೆ, ಆದರೆ ಸುಳ್ಳು. ಆ ಹೆಸರು ಹುಕುಮಿಗಿಂತ ಹಳೆಯದು. ತಂದೆ ತೀರಿಕೊಂಡ ಮೇಲೆ ಹುಟ್ಟಿದ ಮಗು ಎಂಬ ಜರ್ಮನ್ ಮಾತು ಬಾಯಿಂದ ಬಾಯಿಗೆ ಹೋಗಿ ಹಾಗಾಯಿತು. ಅಷ್ಟಕ್ಕೂ ದೇಶದ ಬಹುಪಾಲು ಜನರಿಗೆ ಆಗಲೇ ಅಡ್ಡಹೆಸರಿತ್ತು. ಇಲ್ಲದವರು ಹೆಚ್ಚಾಗಿ ಉತ್ತರದವರು, ಅಂದರೆ ನಮ್ಮ ಬೀಗರ ಸೀಮೆಯವರು. ಅಲ್ಲಿ ಯಾನ್ ಎಂಬವನ ಮಗ ಹಾರ್ಮ್ ಆದರೆ ಅವನು ಹಾರ್ಮ್ ಯಾನ್ಸ್. ಅವನ ಮಗನಿಗೆ ಮತ್ತೆ ಅಜ್ಜನ ಹೆಸರಿಟ್ಟರೆ ಯಾನ್ ಹಾರ್ಮ್ಸ್. ತಲೆಮಾರಿಗೊಮ್ಮೆ ಹೆಸರು ಮಗುಚಿ ಬೀಳುತ್ತಿತ್ತು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿ ನಮ್ಮದೂ ಆದ್ದರಿಂದ ಇದನ್ನು ನನಗೆ ಎರಡನೆಯ ಸಲ ಬಿಡಿಸಿ ಹೇಳಬೇಕಾಗಲಿಲ್ಲ.

ಅಲ್ಲಿನ ದಫ್ತರಗಳ ಬಗ್ಗೆ ನನಗೆ ಹೊಟ್ಟೆಕಿಚ್ಚು. ಜನನದ ದಾಖಲೆ ನೂರು ವರ್ಷ, ಮದುವೆಯದು ಎಪ್ಪತ್ತೈದು, ಮರಣದ್ದು ಐವತ್ತು ವರ್ಷ ದಾಟಿದರೆ ಸಾಕು, ಯಾರು ಬೇಕಾದರೂ ನೋಡಬಹುದು. ಬೆಟಗೇರಿಯ ಮನೆಯಲ್ಲಿ ಕುಳಿತು ಕರೆಂಟು ಹೋಗುವವರೆಗೆ ಹಿಂದೆ ಹಿಂದೆ ಹೋಗುತ್ತಿದ್ದೆ. ಗೊತ್ತಿಲ್ಲದ ಪದ ಬಂದರೆ ಫೋಟೋ ತೆಗೆದು ಮಗಳಿಗೆ ಕಳಿಸುತ್ತಿದ್ದೆ. ಕೊನೆಗೆ ಅಳಿಯನ ವಂಶದಲ್ಲಿ ಮುಲ್ಡರ್ ಎಂದು ಮೊದಲು ಬರೆಸಿಕೊಂಡವನು ಸಿಕ್ಕ. ಅವನ ಮಗಳ ಮದುವೆಯ ದಾಖಲೆಯಲ್ಲಿ ಅವನ ಹೆಸರು, ಮುಂದೆ ಉದ್ಯೋಗ. ಆ ಪದವನ್ನು ನನ್ನ ಮಗಳಿಗೆ ಕಳಿಸಿ, ಗಿರಣಿ ಎಂಬ ಉತ್ತರಕ್ಕೆ ಕಾದು ಕುಳಿತೆ. ‘ಕೂಲಿ ಕೆಲಸ, ಅಪ್ಪಾ’ ಎಂದು ಬಂತು.

ಅವನ ಅಪ್ಪನೋ ಅಜ್ಜನೋ ಗಿರಣಿ ನಡೆಸಿರಬಹುದು. ಗಿರಣಿಯಲ್ಲಿ ಮೂಟೆ ಹೊತ್ತಿರಲೂಬಹುದು. ಬೀಗಿತ್ತಿಯವರಿಗೆ ಇದನ್ನು ಹೇಳಲು ನಾನು ಎರಡು ದಿನ ಹಿಂದೆಮುಂದೆ ನೋಡಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಇಲ್ಲಿ ನಮ್ಮ ಕಾಕಾನಿಗೆ ಇಂಥ ಮಾತು ಹೇಳಿದ್ದರೆ ಮುಂದಿನ ಕಾರ್ಯಕ್ಕೆ ಅವರ ಮನೆಯಿಂದ ಒಬ್ಬರೂ ಬರುತ್ತಿರಲಿಲ್ಲ.

ಹಾಗಾದರೆ ನಮ್ಮದೇನು? ಮುತ್ತಜ್ಜ ಮುಳಗುಂದ ಬಿಟ್ಟು ಬಂದ ಮೇಲೆಯೇ ನಾವು ಮುಳಗುಂದದವರಾದದ್ದು. ಊರಲ್ಲೇ ಇದ್ದವನನ್ನು ಊರ ಹೆಸರಿನಿಂದ ಯಾರೂ ಕರೆಯುವುದಿಲ್ಲ. ಅಲ್ಲಿಗೆ ಬೆಟಗೇರಿಯಿಂದ ಬಸ್ಸಿನಲ್ಲಿ ಒಂದು ಗಂಟೆಯೂ ಇಲ್ಲ, ಆದರೆ ಅಲ್ಲಿ ನಮಗೆ ಒಂದು ಮೊಳ ಜಾಗವಿಲ್ಲ. ನಮ್ಮ ಕೊಂಬೆಗಳನ್ನು ಒಡೆದವರು ಗುಮಾಸ್ತರು. ನಾನು ಮುಳಗುಂದ, ತಮ್ಮನಿಗೆ ಶಾಲೆಯ ದಾಖಲೆಯಲ್ಲಿ ಒಂದು ಗುಡಿಸು ಹೆಚ್ಚಾಗಿ ಮುಳಗುಂದಿ, ಕೊಲ್ಹಾಪುರಕ್ಕೆ ಹೋದ ದೊಡ್ಡಪ್ಪನ ಮಕ್ಕಳು ಮುಳಗುಂದಕರ. ಆ ‘ಕರ’ ಮತ್ತು ಡಚ್ಚರ ‘ವಾನ್’ ಮಾಡುವ ಕೆಲಸ ಒಂದೇ, ಎಲ್ಲಿಯವರು ಎಂದು ಹೇಳುವುದು. ಒಬ್ಬೊಬ್ಬರ ಅಡ್ಡಹೆಸರು ಒಂದೊಂದು ಥರ ಇರುವುದರಿಂದ ಆಸ್ತಿ ಪತ್ರಕ್ಕೆ ಸಹಿ ಹಾಕುವಾಗ ‘ಇವರೆಲ್ಲರೂ ಒಬ್ಬನೇ ಅಜ್ಜನ ಮೊಮ್ಮಕ್ಕಳು’ ಎಂದು ನೂರು ರೂಪಾಯಿಯ ಛಾಪಾ ಕಾಗದದ ಮೇಲೆ ಪ್ರಮಾಣ ಮಾಡಬೇಕಾಯಿತು. ಅಲ್ಲಿ ಒಂದೇ ಹೆಸರು, ನೂರು ಮನೆತನ. ಇಲ್ಲಿ ಒಂದೇ ಮನೆತನ, ಮೂರು ಹೆಸರು.

ಹೋದ ವರ್ಷ ಬಾಣಂತನಕ್ಕೆಂದು ಗ್ರೋನಿಂಗನ್‌ಗೆ ಹೋಗಿದ್ದೆವು. ಒಂದು ಶನಿವಾರ ಅಳಿಯ ಹತ್ತಿರದ ಹಳ್ಳಿಯ ಗಾಳಿಗಿರಣಿಗೆ ಕರೆದುಕೊಂಡು ಹೋದ. ನೀಲಿ ಬಾವುಟ ಹಾರುತ್ತಿದ್ದರೆ ಒಳಗೆ ಬರಬಹುದು ಎಂದರ್ಥ. ನಡೆಸುತ್ತಿದ್ದವರು ಶಾಲೆಯ ಮೇಷ್ಟ್ರು, ವಾರಕ್ಕೊಮ್ಮೆ ಸಂಬಳವಿಲ್ಲದೆ ಮಾಡುವ ಕೆಲಸ. ಆ ದೇಶದಲ್ಲಿ ಇಂಥವರ ಸಂಘವೇ ಇದೆ, 1972ರಿಂದ. ಈ ಕಸುಬನ್ನು ಯುನೆಸ್ಕೊ 2017ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿದೆ. ರೆಕ್ಕೆಗಳನ್ನು ನಿಲ್ಲಿಸುವುದರಲ್ಲೂ ಒಂದು ಭಾಷೆಯಿದೆ ಎಂದು ಅವರು ತೋರಿಸಿಕೊಟ್ಟರು. ನೆಟ್ಟಗೆ ಬರುವ ತುಸು ಮೊದಲೇ ರೆಕ್ಕೆಯನ್ನು ತಡೆದು ನಿಲ್ಲಿಸಿದರೆ ಮನೆಯಲ್ಲಿ ಶುಭ. ತುಸು ದಾಟಿಸಿ ನಿಲ್ಲಿಸಿದರೆ ಸೂತಕ.

ಆಮೇಲೆ ಅವರು ದೋಣಿಯಿಂದ ಬೀಳುತ್ತಿದ್ದ ಹಿಟ್ಟಿಗೆ ಕೈಯೊಡ್ಡಿ, ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ, ತಲೆ ಓರೆ ಮಾಡಿ, ಕಲ್ಲನ್ನು ಕೂದಲೆಳೆಯಷ್ಟು ಇಳಿಸಿದರು. ಅಪ್ಪ ಹೀಗೆಯೇ ಮಾಡುತ್ತಿದ್ದರು. ಜೋಳದ ಹಿಟ್ಟು ಬೆರಳಿಗೆ ಬಿಸಿ ಹತ್ತಿದರೆ ರೊಟ್ಟಿ ಹರಿಯುತ್ತದೆ ಎಂದು ಕಲ್ಲು ಸಡಿಲಿಸುತ್ತಿದ್ದರು. ಅಪ್ಪನ ಹೆಬ್ಬೆರಳಿನ ಆ ಪಕ್ಕದಲ್ಲಿ ಚರ್ಮ ಗಾಜಿನಂತೆ ನುಣುಪಾಗಿತ್ತು. ಮೇಷ್ಟ್ರ ಬೆರಳನ್ನು ಹಿಡಿದು ನೋಡಬೇಕೆನಿಸಿತು. ಸರಿ ಕಾಣುವುದಿಲ್ಲ ಎಂದು ಬಿಟ್ಟೆ.

ಅಲ್ಲೇ ಅವರು ಇನ್ನೊಬ್ಬ ಮುಲ್ಡರನ ವಿಷಯ ಹೇಳಿದರು. ಯೂಟ್ರೆಕ್ಟ್‌ನಲ್ಲಿ ಹುಟ್ಟಿದ ಗೆರಾರ್ಡಸ್ ಯೊಹಾನೆಸ್ ಮುಲ್ಡರ್ ಎಂಬ ರಸಾಯನ ವಿಜ್ಞಾನಿ. ‘ಪ್ರೋಟೀನ್’ ಎಂಬ ಪದವನ್ನು 1838ರಲ್ಲಿ ಮೊದಲ ಬಾರಿಗೆ ಅಚ್ಚಿನಲ್ಲಿ ಬಳಸಿದವನು ಅವನೇ. ಪದ ಸೂಚಿಸಿದ್ದು ಸ್ವೀಡನ್ನಿನ ಬರ್ಜೀಲಿಯಸ್. ಬೀಗರೇನೂ ಅಲ್ಲ, ಆದರೂ ನಾನು ಹಾಳೆಯ ಮೂಲೆಯಲ್ಲಿ ಅವನನ್ನು ಬರೆದುಕೊಂಡಿದ್ದೇನೆ.

2024ರ ಜನವರಿಯಿಂದ ಅಲ್ಲಿ ಮಗುವಿಗೆ ತಂದೆ ತಾಯಿ ಇಬ್ಬರ ಅಡ್ಡಹೆಸರನ್ನೂ ಸೇರಿಸಿ ಇಡಬಹುದು. ಮೊಮ್ಮಗ ಈಗ ಮುಳಗುಂದ ಮುಲ್ಡರ್. ಊರಿಗೆ ಬಂದ ಮೇಲೆ ಓಣಿಯವರಿಗೆಲ್ಲ ಪೇಢೆ ಹಂಚಿ ಮೊಬೈಲಿನಲ್ಲಿ ಫೋಟೋ ತೋರಿಸಿದೆ. ಕೊನೆಯ ಮನೆಯ ಅಜ್ಜಿಗೆ ಕಣ್ಣು ಮಂಜು. ಮೊಬೈಲನ್ನು ಮೂಗಿನ ಹತ್ತಿರ ಹಿಡಿದು, ‘ಗಿರಣಿಯವರ ಮೊಮ್ಮಗನೇ?’ ಎಂದಳು. ಎರಡೂ ಕಡೆಯಿಂದ ಹೌದು ಎಂದೆ. ಅವಳಿಗೆ ಅದು ಕಿವಿಗೆ ಬಿದ್ದಂತೆ ಕಾಣಲಿಲ್ಲ. ಪೇಢೆಯನ್ನು ಬಾಯಿಗೆ ಹಾಕಿಕೊಂಡು, ‘ನಿಮ್ಮಪ್ಪ ತೀರಿಹೋದ ವಾರ ನನ್ನ ಸಜ್ಜೆಯ ಡಬ್ಬಿ ನಿಮ್ಮ ಗಿರಣಿಯಲ್ಲೇ ಉಳಿಯಿತು, ತಮ್ಮಾ. ಮುಚ್ಚಳಕ್ಕೆ ಕೆಂಪು ಬಣ್ಣವಿತ್ತು. ಒಮ್ಮೆ ಹುಡುಕಿ ನೋಡು’ ಎಂದಳು.