ನಮ್ಮನೆಯವರ ಜೇಬಿನ ಕ್ಯಾಮೆರಾ

ನಮ್ಮನೆಯವರಿಗೆ ಕ್ಯಾಮೆರಾ ಅಂದರೆ ಇವತ್ತಿಗೂ ಆ ಹಳೆ ಕೊಡಾಕ್ ಕೆಬಿ 10. ರೋಲ್ ಹಾಕಿ, ಕಣ್ಣಿಗೆ ಹಿಡಿದು, ಗುಂಡಿ ಒತ್ತಿದರೆ ಮುಗೀತು. ಮಕ್ಕಳು ಸಣ್ಣವರಿದ್ದಾಗಿನ ಫೋಟೋ ಎಲ್ಲ ಅದರಲ್ಲೇ ತೆಗೆದದ್ದು. ರೋಲ್ ಸಿಗೋದು ಕಷ್ಟ ಆದ ಮೇಲೆ ಇವರು ಫೋಟೋ ತೆಗೆಯೋದನ್ನೇ ಬಿಟ್ಟರು. ಫೋನಲ್ಲಿ ತೆಗೀರಿ ಅಂದರೆ, "ಸರಿಯಾಗಿ ಹಿಡಿಯೋ ಹೊತ್ತಿಗೇ ಯಾರಾದ್ರೂ ಕಾಲ್ ಮಾಡ್ತಾರೆ" ಅಂತಾರೆ.

ಕೆಲವು ವರ್ಷದ ಹಿಂದೆ ನಾನೇ ಆಸೆಯಿಂದ ಒಂದು ದೊಡ್ಡ ಡಿಎಸ್‌ಎಲ್‌ಆರ್, ಅಂದರೆ ಲೆನ್ಸ್ ಬದಲಾಯಿಸೋ ಕ್ಯಾಮೆರಾ, ತಂದುಕೊಟ್ಟೆ. ಎರಡು ಲೆನ್ಸು, ದಪ್ಪ ಬ್ಯಾಗು. ನನಗೆ ಬೇಜಾರಾಗಬಾರದು ಅಂತ ನಾಲ್ಕು ದಿನ ಕುತ್ತಿಗೆಗೆ ಹಾಕಿಕೊಂಡು ಓಡಾಡಿದರು, ಆಮೇಲೆ ಅದು ಬೀರು ಸೇರಿತು. ನಮ್ಮದು ತೀರ್ಥಹಳ್ಳಿ ಕಡೆ. ಮಳೆಗಾಲದಲ್ಲಿ ಮಡಿಸಿಟ್ಟ ಸೀರೆಗೂ ಬೂಷ್ಟು ಹಿಡಿಯೋ ಊರು. ಎರಡು ಮಳೆಗಾಲ ಕಳೆದು ತೆಗೆದು ನೋಡಿದರೆ ಲೆನ್ಸಿನ ಗಾಜಿನ ಒಳಗೆ ಜೇಡರ ಬಲೆ ಥರ ಸಣ್ಣ ಸಣ್ಣ ಎಳೆ, ಫಂಗಸ್. ಕತ್ತಲು, ತೇವ, ಸಾಲದ್ದಕ್ಕೆ ತೇವ ಹೀರಿಕೊಂಡು ಕೂತಿದ್ದ ಆ ಬ್ಯಾಗು. ದುಡ್ಡಿಗಿಂತ, ಇವರನ್ನು ಒಂದು ಮಾತು ಕೇಳದೆ ತಂದೆನಲ್ಲ ಅಂತ ಜಾಸ್ತಿ ಸಂಕಟ ಆಯಿತು.

ಹೋದ ವರ್ಷ ಮತ್ತೆ ನೋಡೋಣ ಅನ್ನಿಸಿತು. ಈ ಸಲ ಮೊದಲು ಕ್ಯಾಮೆರಾ ನೋಡಲಿಲ್ಲ, ಇವರನ್ನು ನೋಡಿದೆ. ಬೆಳಿಗ್ಗೆ ತೋಟಕ್ಕೆ ಹೋಗುತ್ತಾರೆ, ಒಂದು ಕೈಯಲ್ಲಿ ಕೊಡೆ. ಅಂದರೆ ಕ್ಯಾಮೆರಾ ಒಂದೇ ಕೈಯಲ್ಲಿ ಆಗಬೇಕು, ಅಂಗಿ ಜೇಬಲ್ಲಿ ಕೂರಬೇಕು. ಬೆರಳು ಯಾವಾಗಲೂ ಒದ್ದೆ, ಹಾಗಾಗಿ ಟಚ್ ಸ್ಕ್ರೀನ್ ನಂಬಿಕೊಂಡ ಕ್ಯಾಮೆರಾ ಬೇಡ. ಇದೇ ಕಾರಣಕ್ಕೆ ಕ್ಯಾನನ್ ಜಿ9 ಎಕ್ಸ್ ಮಾರ್ಕ್ 2 ಬಿಟ್ಟೆ, ಇಲ್ಲದಿದ್ದರೆ ಬಲು ಮುದ್ದಾದ ಕ್ಯಾಮೆರಾ ಅದು. ಇನ್ನು, ಇವರಿಗೆ ಇಷ್ಟ ಅಣಬೆ. ಹುತ್ತದ ಮೇಲೆ, ಕೊಳೆತ ಮರದ ಮೇಲೆ ಏಳೋ ಪುಟ್ಟ ಪುಟ್ಟ ಅಣಬೆ. ಅಡಿಕೆ ಮರದ ಕೆಳಗೆ ಮಳೆಗಾಲದಲ್ಲಿ ಹತ್ತು ಗಂಟೆಗೂ ಮಬ್ಬು ಬೆಳಕು, ಅಲ್ಲಿ ಅಗ್ಗದ ಸಣ್ಣ ಕ್ಯಾಮೆರಾ ಸೋಲುತ್ತದೆ. ಅವುಗಳ ಸೆನ್ಸರ್, ಅಂದರೆ ಒಳಗೆ ಬೆಳಕು ಹಿಡಿಯೋ ಚಿಪ್, ಸುಮಾರು 6.2 ಮಿ.ಮೀ. ಅಗಲ, 4.6 ಎತ್ತರ. 'ಒಂದು ಇಂಚು' ಅಂತ ಕರೆಯೋ ಸೆನ್ಸರ್ 13.2 ಅಗಲ, 8.8 ಎತ್ತರ. ಹೆಚ್ಚುಕಮ್ಮಿ ನಾಲ್ಕು ಪಟ್ಟು ಜಾಗ, ಅಷ್ಟು ಬೆಳಕು ಹಿಡಿಯುತ್ತದೆ. ಅಂಗಡಿಯವರು 30 ಪಟ್ಟು, 40 ಪಟ್ಟು ಜೂಮ್ ಅಂತ ಹೇಳುತ್ತಲೇ ಇರುತ್ತಾರೆ, ಕಾಲಬುಡದ ಅಣಬೆಗೆ ಜೂಮ್ ಯಾಕೆ ಬೇಕು ಅಲ್ವಾ?

ಕೊನೆಗೆ ಮಗಳು ಬೆಂಗಳೂರಲ್ಲಿ ಸೋನಿ ಆರ್‌ಎಕ್ಸ್100 ಹುಡುಕಿದಳು, 2012ರಲ್ಲಿ ಬಂದ ಮೊದಲನೇ ಮಾಡೆಲ್, ಸೆಕೆಂಡ್ ಹ್ಯಾಂಡ್. ಸೆನ್ಸರ್ ಆ 'ಒಂದು ಇಂಚಿನದೇ'. ಬ್ಯಾಟರಿ ಸೇರಿ 240 ಗ್ರಾಂ. ಟಚ್ ಇಲ್ಲ. ಆಫ್ ಮಾಡಿದರೆ ಲೆನ್ಸ್ ತಾನೇ ಒಳಗೆ ಹೋಗಿ ಮುಚ್ಚಿಕೊಳ್ಳುತ್ತದೆ, ಕಳೆದುಹೋಗೋಕೆ ಮುಚ್ಚಳ ಅನ್ನೋದೇ ಇಲ್ಲ. ಹಳೇ ಫೋನಿನ ಚಾರ್ಜರ್ ಚುಚ್ಚಿದರೆ ಸಾಕು. ಮಳೆ ಮಾತ್ರ ತಾಗಿಸಬಾರದು, ಅದಕ್ಕೇ ಜೊತೆಗೊಂದು ಕರವಸ್ತ್ರ.

ಇವರ ಕೈಗೆ ಕೊಡೋ ಮೊದಲು ಒಂದು ಸಂಜೆ ಕೂತು ಎಲ್ಲ ಹೊಂದಿಸಿದೆ. ತಾರೀಖು ಸರಿ ಮಾಡಿದೆ, ಮೇಲಿನ ಡಯಲ್ ಆಟೋಗೆ ತಿರುಗಿಸಿದೆ. ಜೇಬಲ್ಲಿ ಉಜ್ಜಿ ತಿರುಗಬಾರದು ಅಂತ ಡಯಲ್ ಅಂಚಿಗೆ ಉಗುರಿನಷ್ಟು ಕರಿ ಇನ್ಸುಲೇಷನ್ ಟೇಪ್ ಅಂಟಿಸಿದೆ. ಮೆನು ಗುಂಡಿ ಯಾವುದು ಅಂತ ಇವರಿಗೆ ಹೇಳಲೇ ಇಲ್ಲ, ಇವರೂ ಕೇಳಲಿಲ್ಲ. ರಾತ್ರಿ ಬ್ಯಾಗಲ್ಲಿ ಇಡಲ್ಲ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ತೇವ ಹೀರೋ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡುತ್ತೇನೆ.

ಭಾನುವಾರ ಕಾರ್ಡ್ ತೆಗೆದು ಟಿವಿಗೆ ಹಾಕಿ ಎಲ್ಲರೂ ಕೂತು ನೋಡುತ್ತೇವೆ. ಒಂದು ಫೋಟೋದಲ್ಲಿ ಅಣಬೆಯ ಕೊಡೆ ಕೆಳಗಿನ ಪದರಗಳ ನಡುವೆ ಒಂದು ಕೆಂಪಿರುವೆ, ಅದರ ಮೀಸೆ ಮೇಲೆ ನೀರ ಹನಿ. ಅದಕ್ಕಾಗಿ ಒದ್ದೆ ನೆಲದಲ್ಲಿ ಮೊಣಕಾಲೂರಿ ಕೂತಿದ್ದರಂತೆ, ಈ ಮಂಡಿನೋವಲ್ಲಿ. ಮೊನ್ನೆ ತೋಟದಿಂದ ಬಂದವರೇ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿದರು, "ಕಾರ್ಡ್ ತುಂಬಿದೆ ಅಂತ ತೋರಿಸ್ತಿದೆ ಕಣೇ, ಇನ್ನೊಂದು ತರಿಸ್ತೀಯಾ?"