ದೊಡ್ಡೋರಿಗೆ ಸಣ್ಣ ದ

"ಇಷ್ಟು ದೊಡ್ಡೋರಿಗೆ ಸಣ್ಣ ದ ಹಾಕಿದ್ರೆ ಚೆನ್ನಾಗಿರುತ್ತಾ ಮೇಡಂ?"

ಮಂಗಳವಾರ ಸಂಜೆ ಬಸ್ ನಿಲ್ದಾಣದ ಹಿಂದಿನ ಡಿಟಿಪಿ ಅಂಗಡಿಯಲ್ಲಿ ಕೇಳಿದ ಮಾತಿದು. ನಾಲ್ಕು ದಿನವಾದರೂ ಕಿವಿಯಿಂದ ಹೋಗಿಲ್ಲ. ಕೇಳಿದವನು ಕಂಪ್ಯೂಟರ್ ಮುಂದೆ ಕೂತಿದ್ದ ಹುಡುಗ, ಇಪ್ಪತ್ತು ದಾಟಿರಲಿಕ್ಕಿಲ್ಲ. ಎದುರಿಗಿದ್ದವರು ಹೈಸ್ಕೂಲಿನ ಕನ್ನಡ ಟೀಚರ್. ತಿಂಗಳ ಕೊನೆಗೆ ನಿವೃತ್ತರಾಗುವ ಮುಖ್ಯೋಪಾಧ್ಯಾಯರ ಬೀಳ್ಕೊಡುಗೆಗೆ 8×4 ಅಡಿಯ ಬ್ಯಾನರ್ ಮಾಡಿಸಲು ಬಂದಿದ್ದರು. ಪರದೆಯ ಮೇಲೆ ಕೆಂಪು ಔಟ್‌ಲೈನ್ ಕೊಟ್ಟ ಹಳದಿ ಅಕ್ಷರಗಳಲ್ಲಿ "ಮುಖ್ಯೋಪಾಧ್ಯಾಯರಿಗೆ ಹಾರ್ಧಿಕ ಶುಭಾಷಯಗಳು" ಎಂದಿತ್ತು. ಟೀಚರ್ ಪರದೆಗೆ ಬೆರಳಿಟ್ಟು, "ಇದು ಧ ಅಲ್ಲಪ್ಪ, ದ" ಅಂದರು. ಅದಕ್ಕೆ ಹುಡುಗ ಕೇಳಿದ ಪ್ರಶ್ನೆ ಅದು. ವಾದ ಮಾಡುವ ದನಿ ಇರಲಿಲ್ಲ. ನಿಜವಾಗಿ ತಿಳಿಯದೆ, ಕಾಳಜಿಯಿಂದಲೇ ಕೇಳಿದ.

ಅಷ್ಟರಲ್ಲಿ ಹಿಂದೆ ನಿಂತಿದ್ದ ಹಿರಿಯರೊಬ್ಬರು, "ಅರ್ಥ ಆಗುತ್ತಲ್ಲ ಮೇಡಂ, ಬಿಡಿ. ಯಾರು ಕೂತು ಓದ್ತಾರೆ ಅದನ್ನ?" ಅಂದರು. ಅವರ ಕೈಯಲ್ಲಿ ಮಗನ ಮದುವೆ ಕಾರ್ಡಿನ ಕರಡು ಇತ್ತು. ತಮ್ಮ ಇನಿಷಿಯಲ್ ಬಿಟ್ಟುಹೋಗಿದೆ ಎಂದು ಹತ್ತು ನಿಮಿಷದ ಹಿಂದಷ್ಟೇ ಅದೇ ಹುಡುಗನನ್ನು ಗದರಿದ್ದರು. ಇಂಥವರ ಮೇಲೆ ಬರುವ ಕೋಪ ಆ ಹುಡುಗನ ಮೇಲೆ ಬರುವುದಿಲ್ಲ. ತಮ್ಮ ಹೆಸರಿನ ಒಂದಕ್ಷರಕ್ಕೆ ಇರುವ ಬೆಲೆ ಉಳಿದ ಅಕ್ಷರಗಳಿಗೆ ಇಲ್ಲ ಎಂದುಕೊಂಡವರು ಅವರು. ಹುಡುಗನಾದರೋ ಅಕ್ಷರಕ್ಕೆ ಬೆಲೆ ಇದೆ ಎಂದು ನಂಬಿಯೇ ತಪ್ಪಿದವನು.

ಕನ್ನಡದ 34 ವ್ಯಂಜನಗಳಲ್ಲಿ ಮಹಾಪ್ರಾಣ 10. ಅಚ್ಚ ಕನ್ನಡ ಪದಗಳಲ್ಲಿ ಅವು ಬಹಳ ವಿರಳ. ಸಂಸ್ಕೃತದಿಂದ ಬಂದು ಇಲ್ಲಿನ ಬಾಯಲ್ಲಿ ಪಳಗಿದ ಪದಗಳೂ ಅವನ್ನು ಕಳಚಿಕೊಂಡಿವೆ: ಮುಖ ಮೊಗವಾಯಿತು, ಸಂಧ್ಯಾ ಸಂಜೆಯಾಯಿತು. ಹಾಗಾಗಿ ಮನೆಮಾತಿನಲ್ಲಿ ಧ, ಘ, ಭ ಕಿವಿಗೆ ಬೀಳುವುದೇ ಕಡಿಮೆ. ಎಲ್ಲಿ ಬೀಳುತ್ತವೆ? ಮಂತ್ರದಲ್ಲಿ, ಭಾಷಣದಲ್ಲಿ, ಆಮಂತ್ರಣದಲ್ಲಿ, ಶಿಲಾನ್ಯಾಸದ ಕಲ್ಲಿನ ಮೇಲೆ. ಗೌರವ ಬೇಕಾದ ಕಡೆಯಲ್ಲೆಲ್ಲ ಹೊಟ್ಟೆ ಸೀಳಿದ ಅಕ್ಷರ ಕಾಣುತ್ತದೆ. ಅದನ್ನೇ ನೋಡುತ್ತ ಬೆಳೆದ ಹುಡುಗನಿಗೆ ಆ ಗೀಟೇ ಗೌರವ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. "ಎದ್ದ", "ಬಿದ್ದ", "ಮುದ್ದು" ಬರೆಯುವಾಗ ಯಾರೂ ಧ ಹಾಕುವುದಿಲ್ಲ. ಹಾರ್ದಿಕ, ವಿದ್ಯಾರ್ಥಿ, ವಿದ್ಯುತ್ ಬರೆಯುವಾಗ ಹಾಕುತ್ತಾರೆ. ದಿನಬಳಕೆಯ ಮಾತಿನಲ್ಲಿ ಇಲ್ಲದ ತಪ್ಪು ಸಮಾರಂಭದ ಮಾತಿನಲ್ಲಿ ಬರುತ್ತದೆ.

ಇಂಥ ತಪ್ಪುಗಳ ಹಿಂದೆ ಹೆಚ್ಚಾಗಿ ಪಕ್ಕದ ಪದವೊಂದರ ಸೆಳೆತ ಇರುತ್ತದೆ. ಅರ್ಧ, ಸ್ಪರ್ಧೆ, ವರ್ಧಂತಿ ಬರೆದು ರೂಢಿಯಾದ ಕೈ, ಅರ್ಕಾವತ್ತು ಕಂಡ ಕೂಡಲೇ ಹಾರ್ದಿಕಕ್ಕೂ ಧ ಕೊಡುತ್ತದೆ. ಅಧ್ಯಕ್ಷ, ಅಧ್ಯಾಪಕ, ಮಧ್ಯಗಳ ಸೆಳೆತಕ್ಕೆ ವಿದ್ಯಾರ್ಥಿ "ವಿಧ್ಯಾರ್ಥಿ" ಆಗುತ್ತಾನೆ. ಭಾಷೆ, ಭಾಷಣಗಳ ಸೆಳೆತಕ್ಕೆ ಶುಭಾಶಯ "ಶುಭಾಷಯ" ಆಗುತ್ತದೆ. ಮಂಗಳವಾರದ ಬ್ಯಾನರಿನಲ್ಲಂತೂ "ಮುಖ್ಯೋಪಾಧ್ಯಾಯ" ಅದೇ ಸಾಲಿನಲ್ಲಿ, ಸರಿಯಾದ ಧ ಹೊತ್ತು ಪಕ್ಕದಲ್ಲೇ ಇತ್ತು.

ಬಿಡಿಸಿಕೊಳ್ಳುವ ದಾರಿ ಸುಲಭ. ಪದವನ್ನು ಒಡೆದು, ಅದರ ಹತ್ತಿರದ ನೆಂಟನನ್ನು ಹುಡುಕಬೇಕು. ಹಾರ್ದಿಕ ಎಂದರೆ ಹೃದಯಕ್ಕೆ ಸೇರಿದ್ದು. ಹೃದಯಕ್ಕೆ ಯಾರೂ ಧ ಬರೆಯುವುದಿಲ್ಲ. ಶುಭಾಶಯ ಎಂದರೆ ಶುಭ ಮತ್ತು ಆಶಯ. "ಆಷಯ" ಎಂಬ ಪದವಿಲ್ಲ. ಅಧ್ಯಕ್ಷದಲ್ಲಿ ಇರುವುದು ಅಧಿಕಾರಿಯಲ್ಲಿರುವ ಅದೇ ಅಧಿ, ಆದ್ದರಿಂದ ಅಲ್ಲಿ ಧ. ಉದ್ಘಾಟನೆಗೆ ಘಟನೆ, ಸಂಘಟನೆ ನೆಂಟರು, ಆದ್ದರಿಂದ ಘ. ಕೋಟಿಗೆ ಅಧಿಪತಿ ಸೇರಿದರೆ ಕೋಟ್ಯಧಿಪತಿ, ಜಾತಿಗೆ ಅತೀತ ಸೇರಿದರೆ ಜಾತ್ಯತೀತ. ನಡುವೆ ದೀರ್ಘ ನುಸುಳಲು ಕಾರಣವೇ ಇಲ್ಲ. ಶ್ರದ್ಧಾಂಜಲಿಯಂಥ ಪದಗಳಿಗೆ ಇನ್ನೊಂದು ನಿಯಮ ಸಾಕು: ಒಂದೇ ವರ್ಗದ ಅಲ್ಪಪ್ರಾಣ, ಮಹಾಪ್ರಾಣ ಒಟ್ಟಿಗೆ ಬಂದರೆ ಅಲ್ಪಪ್ರಾಣ ಮೇಲೆ, ಮಹಾಪ್ರಾಣ ಒತ್ತಾಗಿ ಕೆಳಗೆ. ಬುದ್ಧಿ, ಯುದ್ಧ, ಸಿದ್ಧತೆ, ಅಭಿವೃದ್ಧಿ ಎಲ್ಲವೂ ಹೀಗೇ. ಎರಡೂ ಮಹಾಪ್ರಾಣವಾದರೂ ತಪ್ಪು, ಎರಡೂ ಅಲ್ಪಪ್ರಾಣವಾದರೂ ತಪ್ಪು.

"ಟೈಪಿಂಗ್ ಮಿಸ್ಟೇಕ್" ಎಂಬ ಸಮಾಧಾನ ಎಲ್ಲ ಕಡೆ ಸಲ್ಲುವುದಿಲ್ಲ. ಕನ್ನಡ ಟೈಪ್ ಮಾಡುವ "ನುಡಿ" ತಂತ್ರಾಂಶದಲ್ಲಿ ಬಳಸುವ ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆಯಲ್ಲಿ ಡಿ ಒತ್ತಿದರೆ ದ, ಶಿಫ್ಟ್ ಹಿಡಿದು ಡಿ ಒತ್ತಿದರೆ ಧ. ಇಲ್ಲಿ ಬೆರಳು ಜಾರಬಹುದು, ಒಪ್ಪೋಣ. ಆದರೆ ಶ ಬರುವುದು ಶಿಫ್ಟ್ ಮತ್ತು ಎಸ್‌ನಿಂದ. ಶಿಫ್ಟ್ ಮರೆತರೆ ಸ ಬರುತ್ತದೆಯೇ ಹೊರತು ಷ ಬರುವುದಿಲ್ಲ. ಷ ಬೇಕೆಂದರೆ ಎಕ್ಸ್ ಕೀಲಿಗೇ ಹೋಗಬೇಕು. ಅಂದರೆ "ಶುಭಾಸಯ" ಎಂದಿದ್ದರೆ ಅದು ಬೆರಳಿನ ತಪ್ಪು. "ಶುಭಾಷಯ" ಎಂದಿದ್ದರೆ ಮನಸ್ಸಿನ ತಪ್ಪು, ಮುಂದಿನ ಬ್ಯಾನರಿನಲ್ಲೂ ಬರುತ್ತದೆ. ಗೃಹ ಮತ್ತು ಗ್ರಹಗಳದ್ದೂ ಇದೇ ಕಥೆ. ವಟ್ರಸುಳಿಗೆ ಶಿಫ್ಟ್ ಮತ್ತು ಆರ್. ರ ಒತ್ತಿಗೆ ಎಫ್, ಆಮೇಲೆ ಆರ್. ಹೊಸ ಮನೆಯ ಬಾಗಿಲಲ್ಲಿ "ಗ್ರಹಪ್ರವೇಶ" ಎಂದು ಹಾಕಿದವರು ತಿಳಿಯದೆ ಮನೆಗೆ ಗ್ರಹವನ್ನು ಕರೆದಿರುತ್ತಾರೆ.

ಬ್ಯಾನರಿನ ತಪ್ಪು ಒಮ್ಮೆ ಹುಟ್ಟಿದರೆ ಸಾಯದಿರಲು ಅಂಗಡಿಯ ಕೆಲಸದ ಕ್ರಮವೂ ಕಾರಣ. ಗಿರಾಕಿ ವಾಟ್ಸ್‌ಆ್ಯಪಿನಲ್ಲಿ ಕಳಿಸುವ ಸಾಲು ಯೂನಿಕೋಡ್, ಅಂದರೆ ಮೊಬೈಲು, ಕಂಪ್ಯೂಟರುಗಳೆಲ್ಲ ಒಂದೇ ಥರ ಓದುವ ಅಕ್ಷರ ಸಂಕೇತ. ಅನೇಕ ಅಂಗಡಿಗಳ ಡಿಸೈನ್ ಇನ್ನೂ ನುಡಿಯ ಹಳೆಯ ಆಸ್ಕಿ ಫಾಂಟಿನಲ್ಲಿ, ಅಂದರೆ ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ರೂಪ ತೊಡಿಸಿದ ಫಾಂಟಿನಲ್ಲಿ ನಡೆಯುತ್ತದೆ. ನೇರ ಅಂಟಿಸಿದರೆ ಚೌಕಗಳು ಬರುತ್ತವೆ, ಇಲ್ಲವೇ ಅಕ್ಷರ ಒಡೆದು ಕೂರುತ್ತವೆ. ಆದ್ದರಿಂದ ಹುಡುಗ ಮೊಬೈಲ್ ನೋಡುತ್ತ ಮತ್ತೆ ಟೈಪ್ ಮಾಡುತ್ತಾನೆ. ಕಳಿಸಿದವರು ಸರಿಯಾಗಿ ಬರೆದಿದ್ದರೂ ತಪ್ಪು ನುಸುಳುವ ಜಾಗ ಇದು. ಆಮೇಲೆ ಫೈಲು ದೊಡ್ಡ ಮಷೀನಿಗೆ ಹೋಗಬೇಕು. ಅಲ್ಲಿನ ಕಂಪ್ಯೂಟರಿನಲ್ಲಿ ಫಾಂಟ್ ಇಲ್ಲದಿದ್ದರೆ ಅಕ್ಷರ ಕೆಡುತ್ತದೆ ಎಂದು ಡಿಸೈನ್ ಮಾಡುವ ತಂತ್ರಾಂಶವಾದ ಕೋರೆಲ್‌ಡ್ರಾದಲ್ಲಿ ಕಂಟ್ರೋಲ್ ಮತ್ತು ಕ್ಯೂ ಒತ್ತಿ ಕರ್ವ್ಸ್ ಮಾಡುತ್ತಾರೆ. ಆ ಕ್ಷಣದಿಂದ ಅದು ಅಕ್ಷರವಲ್ಲ, ಚಿತ್ರ. ತಿದ್ದಬೇಕೆಂದರೆ ಸಾಲನ್ನು ಹೊಸದಾಗಿ ಟೈಪ್ ಮಾಡಿ, ಬಣ್ಣ, ಔಟ್‌ಲೈನ್, ನೆರಳು ಎಲ್ಲವನ್ನೂ ಮತ್ತೆ ಕೊಡಬೇಕು. ಚೆನ್ನಾಗಿ ಬಂದ ಸಾಲನ್ನು ಯಾರು ಕೆಡವುತ್ತಾರೆ? ಅದೇ ಫೈಲಿನಲ್ಲಿ ಫೋಟೊ ಮತ್ತು ಹೆಸರು ಬದಲಾಗುತ್ತ ಹೋಗುತ್ತವೆ, "ಹಾರ್ಧಿಕ" ಹಾಗೇ ಉಳಿಯುತ್ತದೆ. ಕರ್ವ್ಸ್ ಮಾಡುವ ಮುಂಚಿನ ಒಂದು ಪ್ರತಿಯನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಂಡರೆ ಈ ಕಷ್ಟ ಇಲ್ಲ. ಮಂಗಳವಾರ ಹುಡುಗ ಹಾಗೆ ಉಳಿಸಿರಲಿಲ್ಲ. ಹಿಂದೆ ಇಬ್ಬರು ಕಾಯುತ್ತಿದ್ದರೂ ಎರಡೂ ಪದಗಳನ್ನು ಮೊದಲಿನಿಂದ ಮಾಡಿದ. ಅವನ ಮೇಲೆ ಗೌರವ ಮೂಡಿದ್ದು ಆಗ.

ಕರಡನ್ನು ಮೊಬೈಲಿನಲ್ಲಿ ನೋಡಿ "ಓಕೆ" ಕಳಿಸುವ ಅಭ್ಯಾಸವೊಂದನ್ನು ಬಿಟ್ಟರೂ ಅರ್ಧ ತಪ್ಪು ಹೋದಂತೆ. ದಕ್ಕೂ ಧಕ್ಕೂ ಇರುವ ವ್ಯತ್ಯಾಸ ಒಂದು ಸಣ್ಣ ಗೀಟು. ದಪ್ಪ ಔಟ್‌ಲೈನ್ ಕೊಟ್ಟಾಗ ಆ ಗೀಟಿನ ಎಡೆ ಮುಚ್ಚಿಹೋಗಿ, ಅಂಗೈಯಗಲದ ಪರದೆಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ. 8 ಅಡಿಗೆ ಹಿಗ್ಗಿದಾಗ ಅದು ಊರಿಗೆಲ್ಲ ಕಾಣುತ್ತದೆ. ಬಣ್ಣವಿಲ್ಲದೆ, ಔಟ್‌ಲೈನ್ ಇಲ್ಲದೆ, ಒಂದು ಎ4 ಹಾಳೆಯ ಮೇಲೆ ಕಪ್ಪು ಅಕ್ಷರದಲ್ಲಿ ತೆಗೆಸಿ. ಕೊನೆಯ ಪದದಿಂದ ಹಿಂದಕ್ಕೆ ಓದಿ. ಅರ್ಥದ ಓಟ ಕಡಿದುಹೋದಾಗ ಕಣ್ಣಿಗೆ ಅಕ್ಷರ ಕಾಣುತ್ತದೆ. ಒಂದು ಸಲಕ್ಕೆ ಒಂದೇ ಬಗೆಯ ತಪ್ಪು ಹುಡುಕಿ: ಮೊದಲು ಮಹಾಪ್ರಾಣ, ಆಮೇಲೆ ಶ ಷ ಸ, ಆಮೇಲೆ ವಟ್ರಸುಳಿ, ಕೊನೆಗೆ ಹಕಾರ. 30 ಪದದ ಬ್ಯಾನರಿಗೆ ಐದು ನಿಮಿಷ ಸಾಕು. ದಿನಾಂಕವನ್ನು ವಾರದ ಜೊತೆ ಕ್ಯಾಲೆಂಡರಿನಲ್ಲಿ ಹೋಲಿಸಿ. ಎಲ್ಲಕ್ಕಿಂತ ದೊಡ್ಡ ಸಾಲನ್ನು ತಪ್ಪದೆ ನೋಡಿ. ಫೋನ್ ನಂಬರಿನ ಪುಟ್ಟ ಸಾಲನ್ನು ಎಲ್ಲರೂ ಎರಡು ಸಲ ಓದುತ್ತಾರೆ, ತಲೆಬರಹವನ್ನು ಯಾರೂ ಓದುವುದಿಲ್ಲ. ಅದು ಕಣ್ಣಿಗೆ ಚಿತ್ರವಾಗಿಬಿಟ್ಟಿರುತ್ತದೆ.

ಪದಗಳ ನಡುವಿನ ಜಾಗದ್ದು ಬೇರೆಯೇ ಕಾಟ. "ಒಳಗೆ ಬರ ಬಾರದು" ಎಂದು ಬಿಡಿಸಿ ಬರೆದರೆ ಬರಗಾಲ ಬೇಡ ಎಂದಾಗುತ್ತದೆ. ಹುಟ್ಟುಹಬ್ಬ ಒಂದು ಪದ, ಮಾಡಬೇಕು ಒಂದು ಪದ.

ಹಕಾರದ ವಿಷಯಕ್ಕೆ ಬಂದರೆ ಮನಸ್ಸು ನೋಯುತ್ತದೆ. ಹಳಗನ್ನಡದ ಪಾಲ್ ನಡುಗನ್ನಡದ ಹೊತ್ತಿಗೆ ಹಾಲಾಯಿತು, ಪಳ್ಳಿ ಹಳ್ಳಿಯಾಯಿತು. ಹಳೆ ಮೈಸೂರು ಕಡೆಯ ಅನೇಕರ ಬಾಯಲ್ಲಿ ಅದು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಆಲು, ಅಳ್ಳಿ ಎಂದಾಗಿದೆ. ಅದೇ ಹಾದಿಯಲ್ಲಿ ನಡೆದ ಮಾತು ಅದು. ಆಡುವವರು ಯಾವ ಅಪರಾಧವನ್ನೂ ಮಾಡಿಲ್ಲ. ಆದರೆ ಶಾಲೆಯಲ್ಲಿ ನಗೆಗೀಡಾದ ಮಗು ಭಯಬಿದ್ದು, ಬೇಡದ ಕಡೆಯೂ ಹ ಸೇರಿಸತೊಡಗುತ್ತದೆ. ಅಕ್ಕಿ ಹಕ್ಕಿಯಾಗುತ್ತದೆ, ಆದರದ ಸ್ವಾಗತ ಹಾದರದ ಸ್ವಾಗತವಾಗುತ್ತದೆ. ಇದೂ ಸಣ್ಣ ದಕ್ಕೆ ಹೆದರಿದ ಹುಡುಗನ ತಪ್ಪಿನ ಜಾತಿಯದೇ. ಬರಹದಲ್ಲಿ ತಿದ್ದಲೇಬೇಕು, ಅರ್ಥವೇ ಕೆಡುತ್ತದೆ. ಬ್ಯಾನರಿನ ಫೋಟೊ ತೆಗೆದು ಎಲ್ಲರಿಗೂ ಹಂಚಿ ನಗುವವರು ಮಾತ್ರ ಏನನ್ನೂ ತಿದ್ದುವುದಿಲ್ಲ. ಆ ನಗುವಿಗೆ ಹೆದರಿ ಹುಟ್ಟಿದ ತಪ್ಪನ್ನು ಅದೇ ನಗು ಇನ್ನಷ್ಟು ಬೆಳೆಸುತ್ತದೆ.

ಬಹುಪಾಲು ಕನ್ನಡಿಗರು ಉಚ್ಚರಿಸದ ಮಹಾಪ್ರಾಣ ಬರಹದಲ್ಲಿ ಏಕೆ ಬೇಕು ಎಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಕೇಳಿದ್ದರು. ಕೇಳಿ ಸುಮ್ಮನಾಗದೆ ತಮ್ಮ ಹೆಸರನ್ನೂ "ಬಟ್" ಎಂದೇ ಬರೆದರು. ಒಪ್ಪುವುದು ಬಿಡುವುದು ಬೇರೆ ಮಾತು. ಆದರೆ ಅವರ ಬರಹದಲ್ಲಿ ಒಂದು ಕಟ್ಟುನಿಟ್ಟಿತ್ತು, ಬಿಟ್ಟ ಅಕ್ಷರವನ್ನು ಎಲ್ಲ ಕಡೆಯೂ ಬಿಟ್ಟರು. "ಅರ್ಥ ಆಗುತ್ತಲ್ಲ ಬಿಡಿ" ಎನ್ನುವವರು ಅವರ ಹೆಸರಿನ ಮರೆಯಲ್ಲಿ ನಿಲ್ಲುವಂತಿಲ್ಲ. ಬೇಕಾದ ಅಧ್ಯಕ್ಷರಲ್ಲಿ ಧ ಬಿಟ್ಟು, ಬೇಡದ ವಿದ್ಯಾರ್ಥಿಗೆ ಧ ಹಾಕುವುದು ಯಾವ ಸುಧಾರಣೆಯ ಲೆಕ್ಕಕ್ಕೂ ಸೇರುವುದಿಲ್ಲ.

ಹುಡುಗನ ಪ್ರಶ್ನೆಗೆ ಟೀಚರ್ ವ್ಯಾಕರಣ ಹೇಳಲಿಲ್ಲ. "ಹೃದಯ ಬರಿ ನೋಡೋಣ" ಅಂದರು. ಬರೆದ. "ಅದೇ ದ ಇಲ್ಲಿಗೂ ತಗೋ. ದೊಡ್ಡೋರಿಗೆ ಹೃದಯದ ದ ಸಾಲದಾ?" ಹುಡುಗ ಒಂದು ಗಳಿಗೆ ಪರದೆ ನೋಡುತ್ತ ಕೂತು, ಆಮೇಲೆ ಹಳದಿ ಸಾಲನ್ನು ಅಳಿಸಿದ.

ಬ್ಯಾನರ್ ಮುಗಿಸಿ ಟೀಚರ್ ಬ್ಯಾಗು ಹೆಗಲಿಗೇರಿಸಿದರು. ಹಿರಿಯರ ಮದುವೆ ಕಾರ್ಡು ಪರದೆಗೆ ಬಂತು. ಇನಿಷಿಯಲ್ ಸೇರಿಸಿ ಪ್ರಿಂಟ್ ಕೊಡಬೇಕಿದ್ದವನು ಕೈ ತಡೆದ. ಮೇಲಿನ ಸಾಲಿನಲ್ಲಿ "ಆವ್ಹಾನ ಪತ್ರಿಕೆ" ಎಂದಿತ್ತು.

"ಮೇಡಂ, ಒಂದ್ನಿಮಿಷ. ಇದ್ರಲ್ಲಿ ಹ ಮೊದ್ಲಾ, ವ ಮೊದ್ಲಾ?"

ಅವರು ಬಾಗಿಲಿಂದ ವಾಪಸ್ ಬಂದರು. "ಹ ಮೊದಲು. ಹ ಬರೆದು ಅದಕ್ಕೆ ವ ಒತ್ತು ಕೊಡಪ್ಪ. ಚಿಹ್ನೆ, ಮಧ್ಯಾಹ್ನ, ಎಲ್ಲದಕ್ಕೂ ಹೀಗೇ, ಹ ಮೇಲೆ."

ಹಿರಿಯರು ಕನ್ನಡಕ ಹಾಕಿಕೊಂಡು ಪರದೆಯ ಹತ್ತಿರ ಬಗ್ಗಿದರು.