ದುಂಡಲೆ ಹೊದಿಕೆ: ಹಾಸಿಗೆ ಅಳತೆಗೆ 62 ಸುತ್ತು

ಕ್ವೀನ್ ಹಾಸಿಗೆ 152 × 198 ಸೆಂ.ಮೀ. ಮೂಲೆಯಿಂದ ಮೂಲೆಗೆ ಟೇಪ್ ಹಿಡಿದರೆ 250. ಕ್ರೋಶೆಯಲ್ಲಿ ನಡುವಿನಿಂದ ಸುತ್ತುಸುತ್ತಾಗಿ ಹೆಣೆಯುವ ದುಂಡು ಹೊದಿಕೆ ನಾಲ್ಕೂ ಮೂಲೆ ಮುಚ್ಚಬೇಕಾದರೆ ಲೆಕ್ಕಕ್ಕೆ ಬರುವುದು ಈ 250, ಹಾಸಿಗೆಯ ಉದ್ದವಲ್ಲ. ಜೊತೆಗೆ ದುಂಡಲೆ, ಅಂದರೆ 12 ಮೊನೆಯ ಅಲೆ ಹೊದಿಕೆ, ಹೆಸರಿಗಷ್ಟೇ ದುಂಡು, ಆಕಾರದಲ್ಲಿ ನಕ್ಷತ್ರ. ಮೊನೆಯಿಂದ ಎದುರು ಮೊನೆಗೆ ಒಂದು ಅಳತೆ, ಮೊನೆಗಳ ನಡುವಿನ ಕಣಿವೆಯಿಂದ ಎದುರು ಕಣಿವೆಗೆ ಇನ್ನೊಂದು. ಮೊನೆ ಅಳೆದು "ಸಾಕು" ಎಂದು ನಿಲ್ಲಿಸಿದ ಹೊದಿಕೆಗಳಲ್ಲೇ ಹಾಸಿಗೆಯ ಮೂಲೆ ಇಣುಕುವುದು.

ಸಾಮಗ್ರಿ: ವರ್ಸ್ಟೆಡ್ (ಮಧ್ಯಮ) ದಪ್ಪದ ಅಕ್ರಿಲಿಕ್ ನೂಲು (100 ಗ್ರಾಂ ಉಂಡೆಗೆ 200 ಮೀ.), 5.5 ಮಿ.ಮೀ. ಹುಕ್, ಹೊಲಿಗೆಗೆ ಸಿಕ್ಕಿಸುವ 24 ಮಾರ್ಕರ್ (ಗುರುತಿನ ಕ್ಲಿಪ್), ಅಡುಗೆಮನೆಯ ತಕ್ಕಡಿ. ಕಂಬ ಎಂದರೆ ಇಲ್ಲಿ ಅಮೆರಿಕನ್ ಡಬಲ್ ಕ್ರೋಶೆ ಹೊಲಿಗೆ. ಬ್ರಿಟಿಷ್ ಮಾದರಿಗಳಲ್ಲಿ ಅದೇ ಟ್ರೆಬಲ್. ಮಾದರಿ ತುಂಡಿನಲ್ಲಿ 10 ಸೆಂ.ಮೀ.ಗೆ 13 ಕಂಬ, 7 ಸಾಲು ಬಂತು. 20 ಕಂಬ ಬಿಚ್ಚಿ ನೂಲು ಅಳೆದಾಗ 128 ಸೆಂ.ಮೀ., ಅಂದರೆ ಕಂಬಕ್ಕೆ 6.4.

1ರಿಂದ 5ನೇ ಸುತ್ತು

ಎಳೆದರೆ ಬಿಗಿಯುವ ನೂಲಿನ ಕುಣಿಕೆ, ಅಂದರೆ ಮ್ಯಾಜಿಕ್ ರಿಂಗ್‌ನಲ್ಲಿ 12 ಕಂಬ. ಎರಡನೇ ಸುತ್ತಿನಲ್ಲಿ ಪ್ರತಿ ಕಂಬದ ಮೇಲೆ ಎರಡು, ಒಟ್ಟು 24. ಮೂರನೆಯದರಲ್ಲಿ ಒಂದೇ ಕಂಬದ ಮೇಲೆ (1 ಕಂಬ, 2 ಚೈನ್ ಅಂದರೆ ಸರಪಳಿ ಕುಣಿಕೆ, 1 ಕಂಬ), ಮುಂದಿನದನ್ನು ಬಿಡುವುದು. ಹೀಗೆ 12 ಸಲ. ಮೊನೆಗಳು ಹುಟ್ಟುವುದು ಇಲ್ಲೇ. ನಾಲ್ಕರಿಂದ ಆಚೆ ಒಂದೇ ಕ್ರಮ: ಮೊನೆಯ 2 ಚೈನ್ ಜಾಗದಲ್ಲಿ (2 ಕಂಬ, 2 ಚೈನ್, 2 ಕಂಬ), ಮೊನೆಗೂ ಕಣಿವೆಗೂ ನಡುವಿನ ಇಳಿಜಾರಿನಲ್ಲಿ ಕಂಬಕ್ಕೊಂದು ಕಂಬ, ಕಣಿವೆಯ ಆಚೆ ಈಚೆ ಒಂದೊಂದು ಕಂಬ ಬಿಡುವುದು. ಪ್ರತಿ ಇಳಿಜಾರಿಗೆ ಎರಡು ಸೇರಿ ಒಂದು ಕಳೆಯುವುದರಿಂದ ಸುತ್ತಿಗೆ ಒಂದೊಂದೇ ಕಂಬ ಬೆಳೆಯುತ್ತದೆ. 24 ಇಳಿಜಾರು, ಸುತ್ತಿಗೆ 24 ಕಂಬ ಹೆಚ್ಚಳ.

ಸಾದಾ ವೃತ್ತಕ್ಕೆ ಸುತ್ತಿಗೆ 12 ಕಂಬ ಹೆಚ್ಚಿದರೆ ಸಾಕು. ಇಲ್ಲಿ ಅದರ ಎರಡರಷ್ಟು ಸೇರಿಸಿದರೂ ಅಂಚು ನೆರಿಗೆ ಏಳದಿರುವುದಕ್ಕೆ ಕಾರಣ, ಹೆಚ್ಚುವರಿ ಉದ್ದವನ್ನೆಲ್ಲ ಅಲೆಯ ಓರೆ ನುಂಗಿಕೊಳ್ಳುತ್ತದೆ. ಕೈ ಸ್ವಲ್ಪ ಬಿಗಿಯಾದರೂ ಸಡಿಲವಾದರೂ ಮೊನೆ ಒಂದಿಷ್ಟು ಚೂಪಾಗಿಯೋ ಮೊಂಡಾಗಿಯೋ ಸರಿದೂಗಿಸಿಕೊಳ್ಳುತ್ತದೆ. ಸಾದಾ ವೃತ್ತಕ್ಕೆ ಇಷ್ಟು ಔದಾರ್ಯವಿಲ್ಲ.

ಲೆಕ್ಕ ಹಿಡಿಯುವ ಸೂತ್ರ: ಸುತ್ತಿನ ಸಂಖ್ಯೆಯಲ್ಲಿ 2 ಕಳೆದರೆ ಒಂದು ಇಳಿಜಾರಿನ ಕಂಬಗಳು. 30ನೇ ಸುತ್ತಿನಲ್ಲಿ 28, 62ರಲ್ಲಿ 60.

12ನೇ ಸುತ್ತು

ಕಣಿವೆಗಳಲ್ಲಿ ಸಾಲಾಗಿ ತೂತು. ಎರಡು ಕಂಬ ಹಾರಿಸಿದ ಜಾಗ ಅದು; ಕಿರುಹೊದಿಕೆಯಲ್ಲಿ ಜಾಲಿಯಂತೆ ಚೆಂದ ಕಾಣುತ್ತದೆ, ಹಾಸಿಗೆಯ ಮೇಲೆ ಕಾಲ್ಬೆರಳು ಸಿಕ್ಕಿಕೊಳ್ಳುತ್ತದೆ. 13ರಿಂದ ಹಾರಿಸುವುದು ಬಿಟ್ಟು, ಇಳಿಜಾರಿನ ಕೊನೆಯ ಎರಡು ಕಂಬಗಳನ್ನು ಒಂದಾಗಿ ಸೇರಿಸಿ, ಮುಂದಿನ ಇಳಿಜಾರಿನ ಮೊದಲ ಎರಡನ್ನೂ ಹಾಗೆಯೇ ಸೇರಿಸಲಾಯಿತು. ಕಳೆಯುವ ಲೆಕ್ಕ ಅದೇ, ತೂತು ಮಾತ್ರ ಇಲ್ಲ.

ಬಣ್ಣದ ಲೆಕ್ಕ

ಮೂರು ಬಣ್ಣ, ನಾಲ್ಕು ಸುತ್ತಿಗೊಂದು ಪಟ್ಟಿ, ಒಟ್ಟು 15 ಪಟ್ಟಿ. ಮೊದಲ ಎರಡು ಸುತ್ತು ಮೊದಲ ಪಟ್ಟಿಗೇ ಸೇರಿವೆ. ಪ್ರತಿ ಬಣ್ಣಕ್ಕೆ ಐದೈದು ಪಟ್ಟಿ ಬಂದ ಮಾತ್ರಕ್ಕೆ ನೂಲು ಸಮವಾಗುವುದಿಲ್ಲ. 3ರಿಂದ 6ನೇ ಸುತ್ತಿಗೆ 240 ಕಂಬ, 15 ಮೀ. ಚಿಲ್ಲರೆ. 59ರಿಂದ 62ಕ್ಕೆ 5,616 ಕಂಬ, ಹತ್ತಿರಹತ್ತಿರ 360 ಮೀ. ಎಲ್ಲ ಕೂಡಿಸಿದರೆ ಒಳಗಿನಿಂದ ಶುರುವಾಗುವ ಬಣ್ಣಕ್ಕೆ 12,756, ಎರಡನೆಯದಕ್ಕೆ 14,640, ಅಂಚಿಗೆ ಬರುವುದಕ್ಕೆ 16,560 ಕಂಬ. ಶೇ. 10 ಹೆಚ್ಚಿಗೆ ಹಿಡಿದು 5, 6, 6 ಉಂಡೆ ಎತ್ತಿಡಲಾಯಿತು. ಡೈ ಲಾಟ್ (ಒಟ್ಟಿಗೆ ಬಣ್ಣ ಹಾಕಿದ ಕಂತು) ಬೇರೆಯಾದ ಉಂಡೆ ಇದ್ದರೆ ನಡುವಿಗೆ ಬಳಸಿ. ಅಂಚಿನ ಪಟ್ಟಿಯಲ್ಲಿ ಉಂಡೆ ಬದಲಾದ ಗುರುತು ಮರೆಯಾಗುವುದಿಲ್ಲ.

ಹೊಸ ಬಣ್ಣವನ್ನು ಪ್ರತಿ ಸಲ ಬೇರೆ ಮೊನೆಯ ಚೈನ್ ಜಾಗದಿಂದ ಶುರು ಮಾಡಬೇಕು. ಒಂದೇ ಕಡೆ ಶುರು ಮಾಡಿದರೆ ಸುತ್ತಿನ ಆರಂಭದಲ್ಲಿ ಮೊದಲ ಕಂಬದ ಬದಲು ಹಾಕುವ 3 ಚೈನ್‌ನ ಜೋಡಣೆಗಳು ಒಂದರ ಮೇಲೊಂದು ಕೂತು ಗೆರೆ ಮೂಡುತ್ತದೆ, ನೂಲಿನ ತುದಿಗಳೆಲ್ಲ ಅಲ್ಲೇ ಗಂಟುಗಟ್ಟುತ್ತವೆ. ಬಣ್ಣ ಬದಲಾಗದ ಸುತ್ತುಗಳಲ್ಲಿ ಸುತ್ತಿನ ಕೊನೆಯನ್ನು ಮೊದಲಿಗೆ ಜೋಡಿಸಿದ ಮೇಲೆ, ಎತ್ತರ ಕೊಡದ ಹೊಲಿಗೆಯಾದ ಸ್ಲಿಪ್ ಸ್ಟಿಚ್‌ನಲ್ಲಿ ಚೈನ್ ಜಾಗಕ್ಕೆ ಸರಿದು ಮುಂದುವರಿಯುವುದು.

27ನೇ ಸುತ್ತು

ಒಂದು ಮೊನೆಯ ಬಲಕ್ಕೆ 24 ಕಂಬ, ಅದರಾಚೆಯ ಕಣಿವೆ ದಾಟಿದರೆ 26. ಎರಡೂ 25 ಇರಬೇಕಿತ್ತು. ತಪ್ಪು 25ನೇ ಸುತ್ತಿನದು: ಕಣಿವೆಯ ಒಂದು ಬದಿಯಲ್ಲಿ ಎರಡು ಸಲ ಸೇರಿಸಿ, ಇನ್ನೊಂದು ಬದಿಯಲ್ಲಿ ಸೇರಿಸದೆ ಬಿಟ್ಟದ್ದು. ಒಟ್ಟು ಸಂಖ್ಯೆ ಸರಿಯಾಗಿಯೇ ಇದ್ದುದರಿಂದ ನೆರಿಗೆಯೂ ಇಲ್ಲ, ಬಟ್ಟಲಾಕಾರವೂ ಇಲ್ಲ. ಕಣಿವೆಯ ಗೆರೆ ಒಂದು ಕಂಬ ಜರುಗಿತ್ತು ಅಷ್ಟೆ. ಒಂದೇ ಬಣ್ಣದ ಹೊದಿಕೆಯಾಗಿದ್ದರೆ ಮುಂದಿನ ಸುತ್ತಿನಲ್ಲಿ ತಿರುಗಾ ಮುರುಗಾ ಮಾಡಿ ಸರಿದೂಗಿಸಬಹುದಿತ್ತು. ಪಟ್ಟಿಗಳಿರುವಾಗ ಆ ಸೊಟ್ಟ ಎದ್ದು ಕಾಣುತ್ತದೆ. ಮೂರು ಸುತ್ತು, 1,728 ಕಂಬ ಬಿಚ್ಚಿದ್ದಾಯಿತು. ಅಲ್ಲಿಂದ ಮುಂದೆ 12 ಮೊನೆಗೂ 12 ಕಣಿವೆಗೂ ಮಾರ್ಕರ್. ಪ್ರತಿ ಸುತ್ತಿನಲ್ಲಿ ಅವನ್ನು ಮೇಲಕ್ಕೆತ್ತುವುದು.

ನಿಜವಾಗಿ ನೆರಿಗೆ ಎದ್ದರೆ ಕಣಿವೆಯಲ್ಲಿ ಕಳೆಯುವುದು ತಪ್ಪಿದೆ ಎಂದರ್ಥ. ಬಟ್ಟಲಾದರೆ ಮೊನೆಯಲ್ಲಿ ಎರಡರ ಬದಲು ಒಂದೇ ಕಂಬ ಬಿದ್ದಿದೆ. ಮೊನೆಗಳಷ್ಟೇ ಮೇಲಕ್ಕೆ ಸುರುಳಿದರೆ ಎಣಿಕೆ ಸರಿ, 2 ಚೈನ್ ಬಿಗಿ. ಚೈನ್ ಹಾಕುವಾಗ ಮಾತ್ರ 6 ಮಿ.ಮೀ. ಹುಕ್ ಹಿಡಿದರೆ ಸುರುಳಿ ನಿಲ್ಲುತ್ತದೆ.

31ರಿಂದ 44

31 ಮುಗಿದಾಗ ಮೊನೆಯಿಂದ ಮೊನೆಗೆ 145 ಸೆಂ.ಮೀ. ಗುರಿಯ ಅರ್ಧ ಅಗಲ ಬಂದಾಯಿತು, ಖರ್ಚಾದ ನೂಲು ಕಾಲು ಭಾಗವೂ ಇಲ್ಲ. ಕಂಬಗಳು ಸುತ್ತಿನ ವರ್ಗದ ಲೆಕ್ಕದಲ್ಲಿ ಬೆಳೆಯುತ್ತವೆ: ಒಟ್ಟು 43,956ರಲ್ಲಿ ಇಲ್ಲಿಯವರೆಗೆ 10,476. ನಿಜವಾದ ಅರ್ಧ ಬರುವುದು 44ನೇ ಸುತ್ತಿಗೆ. ಉಳಿದ 18 ಸುತ್ತು ಮೊದಲಿನ 44ರಷ್ಟೇ ಕೆಲಸ. ದುಂಡಲೆ ಹೊದಿಕೆಗಳು ಅರ್ಧಕ್ಕೆ ನಿಲ್ಲುವುದು ಸಾಮಾನ್ಯವಾಗಿ ಈ ಹಂತದಲ್ಲೇ, ಕಷ್ಟವಾಗಿ ಅಲ್ಲ, "ಇನ್ನೇನು ಮುಗಿಯಿತು" ಅಂದುಕೊಂಡದ್ದು ಮುಗಿಯದೆ.

ಪ್ರತಿ ಪಟ್ಟಿಯ ಮುಂಚೆ ಉಂಡೆ ತೂಗುವ ಅಭ್ಯಾಸ ಇಲ್ಲಿ ಕೈ ಹಿಡಿಯುತ್ತದೆ. ಕೊನೆಯ ಸುತ್ತುಗಳು ಒಂದೊಂದೂ ಅರ್ಧ ಉಂಡೆ ತಿನ್ನುತ್ತವೆ. 46 ಗ್ರಾಂಗಿಂತ ಕಡಿಮೆ ಉಳಿದಿದ್ದರೆ 62ನೇ ಸುತ್ತಿನ ನಡುವೆ ನೂಲು ಜೋಡಿಸಬೇಕಾಗುತ್ತದೆ. ಜೋಡಣೆ ಇಳಿಜಾರಿನ ನಡುವೆ ಇರಲಿ, ಮೊನೆಯಲ್ಲಿ ಬೇಡ. ಎಳೆತ ಹೆಚ್ಚು ಬೀಳುವುದು ಅಲ್ಲೇ.

45ರಿಂದ 62

ಒಂದು ಕಿಲೋ ಬಟ್ಟೆ ತೊಡೆಯಿಂದ ಜೋತಾಡಿದರೆ ಕಂಬಗಳು ಉದ್ದಕ್ಕೆ ಎಳೆದು ಕೈಯ ಬಿಗಿಯೂ ಬದಲಾಗುತ್ತದೆ. ಹೆಣೆಯುತ್ತಿರುವ ಇಳಿಜಾರಷ್ಟನ್ನು ಹೊರಗಿಟ್ಟು ಉಳಿದದ್ದನ್ನು ಮೇಜಿನ ಮೇಲೆ ಸುತ್ತಿಟ್ಟರೆ ಮಣಿಕಟ್ಟಿಗೂ ಬಟ್ಟೆಗೂ ಒಳ್ಳೆಯದು. ಅಳತೆ ಯಾವತ್ತೂ ನೆಲದ ಮೇಲೆ ಹರಡಿಯೇ.

62 ಮುಗಿದಾಗ ಮೊನೆಯಿಂದ ಮೊನೆಗೆ 290, ಕಣಿವೆಯಿಂದ ಕಣಿವೆಗೆ 225, ತೂಕ 1,460 ಗ್ರಾಂ. ಅಂಚಿನ ಬಣ್ಣದಲ್ಲಿ ಉಳಿದದ್ದು ಅರ್ಧ ಉಂಡೆ. ತುದಿಗಳನ್ನು ಇಳಿಜಾರಿನ ಉದ್ದಕ್ಕೆ ಹೋಗಿ, ಬಂದು, ಮತ್ತೆ ಹೋಗಿ ಸೇರಿಸಿದ್ದು. ಅಕ್ರಿಲಿಕ್ ಜಾರುವ ನೂಲು, ಒಂದೇ ದಿಕ್ಕಿಗೆ ಎಳೆದರೆ ಒಗೆತದಲ್ಲಿ ಹೊರಬರುತ್ತದೆ. ಇಸ್ತ್ರಿ ಮುಟ್ಟಿಸಿಲ್ಲ: ಬಿಸಿಗೆ ಅಕ್ರಿಲಿಕ್ ಸತ್ತಂತೆ ಜೋಲುತ್ತದೆ, ಮತ್ತೆ ಚೇತರಿಸಿಕೊಳ್ಳುವುದಿಲ್ಲ. ತಣ್ಣೀರಲ್ಲಿ ಅದ್ದಿ, ಟವೆಲಿನಲ್ಲಿ ಸುತ್ತಿ ಹಿಂಡಿ, ನೆಲದಲ್ಲಿ ಹರಡಿ ಒಣಗಿಸಿದರೆ ಸಾಕು.

ಹಾಸುವಾಗ ಒಂದು ಮೊನೆ ನೇರ ಕಾಲಿನ ಕಡೆಗಿರಲಿ. ಆಗ ನಾಲ್ಕೂ ಮೂಲೆಗಳು ಇಳಿಜಾರಿನ ನಡುವಿಗೆ ಬಂದು ಸಮನಾಗಿ ಮುಚ್ಚುತ್ತವೆ. ಮೂಲೆಗೇ ಮೊನೆ ಬರಲೆಂದು ತಿರುಗಿಸಿದರೆ ಎದುರುಬದುರು ಎರಡು ಮೂಲೆಗೆ ಮೊನೆ, ಉಳಿದೆರಡಕ್ಕೆ ಕಣಿವೆ ಸಿಕ್ಕಿ ಅಲ್ಲಿ ಹಾಸಿಗೆ ಕಾಣುತ್ತದೆ.